‘ಸೂಕ್ತ’ ಎಂದರೆ ಎಷ್ಟು?

‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಅಡುಗೆ ಬರೆಯುವವರ ಮೇಲೆ ನನಗೆ ಅಂಥ ಸಿಟ್ಟೇನಿಲ್ಲ. ಸಾರು ಕೆಟ್ಟರೆ ಒಂದು ಹೊತ್ತಿನ ಊಟ ಕೆಡುತ್ತದೆ, ಅಷ್ಟೆ. ಆದರೆ ರೇಷ್ಮೆ ಹುಳು ಸಾಕುವುದನ್ನು ಹೇಳಿಕೊಡುವ ಕರಪತ್ರದಲ್ಲೂ ‘ಕೋಣೆಯನ್ನು ಸೂಕ್ತವಾಗಿ ಬೆಚ್ಚಗಿಡುವುದು’ ಎಂದು ಬರೆದು ಕೈತೊಳೆದುಕೊಂಡರೆ ಹೇಗೆ?

ಕನಕಪುರದ ಕಡೆಯ ನನ್ನ ಅತ್ತೆಮನೆಯಲ್ಲಿ ಸೊಪ್ಪು ಹೆಚ್ಚುವುದು, ತಟ್ಟೆ ಬದಲಿಸುವುದು, ರಾತ್ರಿ ಎದ್ದು ಮೇವು ಹಾಕುವುದು ಎಲ್ಲ ಹೆಂಗಸರದೇ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದು ದುಡ್ಡು ಎಣಿಸುವುದು ಮಾತ್ರ ಗಂಡಸರು. ಕರಪತ್ರವೂ ‘ರೈತ ಬಾಂಧವರೇ’ ಎಂದೇ ಶುರು! ಹಳದಿ ಗೂಡಿನ ಮಿಶ್ರತಳಿ ಬಿಟ್ಟು ಮೊದಲ ಸಲ ಬೈವೋಲ್ಟೀನ್ ತಂದಿದ್ದೆವು. ಅತ್ತೆ ನನ್ನಿಂದ ಅದನ್ನು ಓದಿಸಿದರು. ‘ನಿರ್ಮೋಚನ ಹಂತದಲ್ಲಿ ಆಹಾರ ನೀಡಬಾರದು’ ಎಂಬ ಸಾಲು ಬಂತು. ಬಿ.ಎ. ಓದಿದ ನನಗೂ ತಿಳಿಯಲಿಲ್ಲ. ಕೊನೆಗೆ ಅವರೇ, ‘ಜ್ವರಕ್ಕೆ ಕೂತಾಗ ಅಂತಿರಬೇಕು ಕಣವ್ವ’ ಅಂದರು. ಹುಳು ತಲೆಯೆತ್ತಿ, ಅಲುಗಾಡದೆ, ಪೊರೆ ಬಿಡಲು ಕೂರುವುದಕ್ಕೆ ನಮ್ಮಲ್ಲಿ ಜ್ವರವೆಂದೇ ಹೆಸರು. ಅವರಿಗೆ ಮೊದಲೇ ಗೊತ್ತಿದ್ದುದನ್ನು ಅವರಿಂದಲೇ ಮುಚ್ಚಿಡುವ ಕನ್ನಡವಿದು!

ಅವರಿಗೆ ಬೇಕಾಗಿದ್ದುದು ಶಾಖದ ಲೆಕ್ಕ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬೇಕು. ನಾಲ್ಕನೇ ಜ್ವರ ಕಳೆದ ದೊಡ್ಡ ಹುಳುವಿಗೆ 24–25 ಸಾಕು, ಜೊತೆಗೆ ಗಾಳಿ ಬೇಕು. ಇದು ಅದರಲ್ಲಿರಲಿಲ್ಲ. ‘ಹೊಸ ತಳಿ, ನಮಗೇನು ಗೊತ್ತು’ ಎಂದು ಅತ್ತೆ ತಮ್ಮ ಅನುಭವ ಬದಿಗಿಟ್ಟು ಅಚ್ಚಾದದ್ದನ್ನೇ ನಂಬಿದರು. ಕಿಟಕಿ ಮುಚ್ಚಿ, ಕೆಂಡ ಇಟ್ಟು ಕೊನೆಯವರೆಗೂ ಬೆಚ್ಚಗಿಟ್ಟೆವು. ಅರ್ಧ ಬೆಳೆಯನ್ನು ಗುಂಡಿ ತೋಡಿ ಮುಚ್ಚಿದೆವು. ಅತ್ತೆಯ ಓಲೆ ಗಿರವಿಗೆ ಹೋಯಿತು.

ಬರೆದವರು ಒಂದು ಸಲವಾದರೂ ಹುಳುಮನೆಯ ಹೆಂಗಸೊಬ್ಬಳಿಗೆ ಅದನ್ನು ಓದಿ ಹೇಳಿದ್ದರೆ? ನಮ್ಮ ಸಾಹಿತಿ ಮಿತ್ರರಿಗಂತೂ ಇಂಥ ಬರಹವೆಂದರೆ ತಾತ್ಸಾರ. ಕಥೆಯ ಸಾಲು ತಪ್ಪಿದರೆ ವಿಮರ್ಶಕ ಬೈಯುತ್ತಾನೆ. ಇಲ್ಲಿ ತಪ್ಪಿದರೆ ಯಾರದೋ ಓಲೆ ಹೋಗುತ್ತದೆ. ಯಾವುದು ಕಷ್ಟದ ಬರವಣಿಗೆ, ನೀವೇ ಹೇಳಿ.

ಮುಂದಿನ ಬೆಳೆಗೆ ತಿಳಿದವರನ್ನು ಕೇಳಿ ನಾನೇ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದೆ. ಪಕ್ಕದೂರಿನಿಂದಲೂ ಹೆಂಗಸರು ಬಂದು ನಕಲು ಮಾಡಿಕೊಂಡರು. ನನ್ನ ಯಾವ ಕಥೆಗೂ ಅಷ್ಟು ಓದುಗರಿಲ್ಲ! ಅಂಟಿಸುವ ಮೊದಲು ಅತ್ತೆಗೆ ಓದಿದ್ದೆ. ‘ಜ್ವರದಲ್ಲಿ ಸ್ವಲ್ಪ ಸುಣ್ಣದ ಪುಡಿ ಉದುರಿಸಿ’ ಎಂಬಲ್ಲಿ ತಡೆದರು.

‘ಸ್ವಲ್ಪ ಅಂದ್ರೆ?’

ಹೊಡೆದುಹಾಕಿ ಬರೆದೆ: ‘ತೆಳುಬಟ್ಟೆಯಲ್ಲಿ ಕಟ್ಟಿ, ತಟ್ಟೆಯಲ್ಲುಳಿದ ಸೊಪ್ಪು ಒಣಗುವಷ್ಟು.’