ವೀಸಾದ ಆಚೆಗಿನ ಅಮೆರಿಕ

ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮಗನಿಗಾದರೂ ಅಮೆರಿಕದ ವೀಸಾ ಸಿಕ್ಕರೆ ಮನೆಮನೆಗೆ ಸಿಹಿ ಬರುತ್ತದೆ. ಪಕ್ಕದ ಮನೆಯ ಹುಡುಗಿ ಎಂ.ಎ.ಗೆ ಸೇರಿ ಅಮೆರಿಕದ ಚರಿತ್ರೆಯನ್ನೇ ಓದುತ್ತೇನೆ ಎಂದಾಗ ಮಾತ್ರ ಅದೇ ಬೀದಿಯವರು, 'ಅದನ್ನ ಓದಿ ಏನಮ್ಮ ಮಾಡ್ತೀಯ?' ಎಂದರು. ಹೋಗಲು ಅಷ್ಟು ಬೇಕಾದ ದೇಶ ಓದಲು ಯಾಕೆ ಬೇಡ?

ಹೋಗುವ ದಾರಿಗೇ ಒಂದು ಚರಿತ್ರೆಯಿದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ತಿಂದ್ ಅಲ್ಲಿನ ಪೌರತ್ವ ಕೇಳಿದರು. ಆಗ ಆ ಹಕ್ಕು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಇತ್ತು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬುದು ತಿಂದ್ ವಾದ. ಕೆಳಜಾತಿಯವರೊಡನೆ ಮದುವೆಗೆ ನಮ್ಮಲ್ಲಿರುವ ಹೇಸಿಗೆಯನ್ನೂ ಆ ವಾದಕ್ಕೆ ಬಳಸಿಕೊಳ್ಳಲಾಯಿತು. 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1946ರಲ್ಲಿ ಭಾರತೀಯರಿಗೆ ಪೌರತ್ವ ಸಿಗುವಂತಾಯಿತಾದರೂ ವಲಸೆಗೆ ವರ್ಷಕ್ಕೆ ನೂರು ಜನರ ಮಿತಿ. ಮೂಲ ದೇಶ ನೋಡಿ ಕೋಟಾ ಕೊಡುವ ಆ ಪದ್ಧತಿ ಹೋದದ್ದು 1965ರ ಕಾನೂನಿನಿಂದ. ಅದೇ ವರ್ಷ ಅಲಬಾಮದ ಸೆಲ್ಮಾದಲ್ಲಿ ಮತದ ಹಕ್ಕು ಕೇಳಿ ಹೊರಟ ಕಪ್ಪು ಜನ ಪೊಲೀಸರ ಲಾಠಿಗೆ ತಲೆಯೊಡ್ಡಿದ್ದರು. ಅವರ ಹೋರಾಟ ತಂದ ನೈತಿಕ ಒತ್ತಡವಿಲ್ಲದೆ ಆ ಬಾಗಿಲು ಅಷ್ಟು ಬೇಗ ತೆರೆಯುತ್ತಿತ್ತೆಂದು ನನಗನಿಸುವುದಿಲ್ಲ. ನಾವು ಹಂಚುವ ಸಿಹಿಯಲ್ಲಿ ಅವರ ಋಣವಿದೆ. ಅದು ನಮ್ಮ ಮಕ್ಕಳಿಗೆ ಗೊತ್ತಿಲ್ಲದಿರುವುದು ನನ್ನನ್ನು ನೋಯಿಸುತ್ತದೆ.

ಅಮೆರಿಕದ ಅಧ್ಯಯನವೆಂದರೆ ಅವರ ಗುಣಗಾನವೆಂದು ಶಂಕಿಸುವವರಿದ್ದಾರೆ. 1964ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಅಮೆರಿಕನ್ ಅಧ್ಯಯನ ಕೇಂದ್ರ ಶೀತಲ ಸಮರದ ಕಾಲದ್ದು, ಅದರ ಬೆನ್ನಿಗೆ ಅಮೆರಿಕದ ನೆರವಿತ್ತು. ಶಂಕೆ ಬರಿದೇ ಹುಟ್ಟಿದ್ದಲ್ಲ. ಆದರೆ ಪ್ರಶ್ನೆ ನಮ್ಮದಾದರೆ ಓದೂ ನಮ್ಮದಾಗುತ್ತದೆ. 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿ ಅಂಬೇಡ್ಕರರಿಗೆ ಬೇಕಿತ್ತು. ಅಸ್ಪೃಶ್ಯರಿಗೂ ಆ ದಾರಿ ಆದೀತೇ ಎಂದು ಯೋಚಿಸುತ್ತಿದ್ದರು. ಇತ್ತ ಮೈಸೂರಿನ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಕೂತು ವಚನಗಳನ್ನು ಇಂಗ್ಲಿಷಿಗೆ ತಂದರು. ಅಮೆರಿಕದವರು ನಮ್ಮನ್ನು ಓದಲು ಪೀಠ, ಗ್ರಂಥಾಲಯ ಕಟ್ಟಿಕೊಂಡರು. ಅವರನ್ನು ಕನ್ನಡದಲ್ಲಿ ಓದಲು ನಾವು ಕಟ್ಟಿದ್ದು ತೀರಾ ಕಡಿಮೆ.

ಆ ಹುಡುಗಿ ಆರಿಸಿಕೊಂಡಿರುವುದು ತಿಂದ್ ಮೊಕದ್ದಮೆಯನ್ನೇ. ಜಾತಿಯನ್ನು ಕಡಲಾಚೆ ಹೊತ್ತೊಯ್ದು ಬಿಳಿಯರ ಕೋರ್ಟಿನ ಮುಂದಿಟ್ಟವನನ್ನು ದಾಸರಹಳ್ಳಿಯವಳು ಕೇಳಬಹುದಾದ ಪ್ರಶ್ನೆಗಳು ಬೇರೆಯೇ. ಅವಳಿಗೀಗ ಬೇಕಾದದ್ದು ಎರಡು ವರ್ಷ, ಒಂದು ಒಳ್ಳೆಯ ಗ್ರಂಥಾಲಯ, ಕನ್ನಡದಲ್ಲೇ ಪ್ರಬಂಧ ಬರೆಯಲು ಒಪ್ಪುವ ಒಬ್ಬ ಮೇಷ್ಟ್ರು.