ಎರಡು ಬೀಗಕ್ಕೆ ಒಂದೇ ಕೀಲಿಕೈ

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಉಗ್ರಾಣಕ್ಕೆ ಎರಡು ಬೀಗ ಹಾಕುತ್ತಿದ್ದೆವು. ಒಂದರ ಕೀಲಿಕೈ ನಮ್ಮ ಗಲ್ಲೆಯಲ್ಲಿ. ಇನ್ನೊಂದು ಅಡಿಗೆ ಭಟ್ಟರ ಸೊಂಟದಲ್ಲಿ. ಒಂದು ಮಳೆಗಾಲ ಭಟ್ಟರು ಊರಿಗೆ ಹೋಗುವಾಗ ತಮ್ಮ ಕೀಲಿಕೈಯನ್ನೂ ಗಲ್ಲೆಯಲ್ಲಿಯೇ ಇಟ್ಟು ಹೋದರು. ಬೀಗಗಳು ಎರಡೇ ಇದ್ದವು, ಕಾವಲು ಮಾತ್ರ ಒಂದಾಯಿತು. ತುಪ್ಪದ ಡಬ್ಬಿಗಳು ಕಡಮೆಯಾದ ಮೇಲೆ ನಮಗೆ ಬುದ್ಧಿ ಬಂದಿತು.

ಈ ಹಳೆಯ ಸಂಗತಿಯನ್ನು ಸ್ಮರಿಸಲು ಕಾರಣವಿದೆ. ಈಚೆಗೆ ಅನೇಕ ಜಾಲತಾಣಗಳು ಪಾಸ್‌ವರ್ಡ್ ಕೇಳುವುದನ್ನೇ ಬಿಟ್ಟಿವೆ. ಇಮೇಲ್ ವಿಳಾಸ ಕೊಟ್ಟರೆ ಸಾಕು. ಒಂದು ಲಿಂಕು ಬರುತ್ತದೆ, ಅದನ್ನು ಒತ್ತಿದೊಡನೆ ಪ್ರವೇಶ ದೊರೆಯುತ್ತದೆ. ಮೀಡಿಯಂ ಎಂಬ ಬರಹಗಳ ತಾಣವು ೨೦೧೫ರಲ್ಲಿಯೇ ಈ ಕ್ರಮವನ್ನು ತಂದಿತು. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಹುಟ್ಟಿದ ತಾರೀಖನ್ನೇ ಹತ್ತು ಕಡೆ ಪಾಸ್‌ವರ್ಡ್ ಮಾಡಿಕೊಳ್ಳುವ ನಮ್ಮವರಿಗೆ, ಅಲ್ಪಕಾಲ ಮಾತ್ರ ಸಲ್ಲುವ ಈ ಲಿಂಕು ಎಷ್ಟೋ ಮೇಲು.

ಆದರೆ ಲಿಂಕಿನಿಂದ ಸಿದ್ಧವಾಗುವುದು ಇಷ್ಟೇ: ಆ ಅಂಚೆಪೆಟ್ಟಿಗೆಯನ್ನು ತೆರೆಯಬಲ್ಲ ಯಾರೋ ಒಬ್ಬನು ಬಂದಿದ್ದಾನೆ. ಬಂದವನು ನೀವೇ ಎಂಬುದಕ್ಕೆ ಎರಡನೆಯ ಸಾಕ್ಷಿ ಬೇಕು.

ನಮ್ಮ ಪರಿಚಿತ ತರುಣ ಗುಮಾಸ್ತರೊಬ್ಬರು ಹೋಟೆಲಿನ ಗಲ್ಲೆಯ ಕಂಪ್ಯೂಟರಿನಲ್ಲಿ ತಮ್ಮ ಇಮೇಲ್ ತೆರೆದು ಹಾಗೆಯೇ ಎದ್ದು ಹೋದರು. ಅವರ ಅಂಕಪಟ್ಟಿ, ಸಂಬಳದ ಚೀಟಿಗಳಿದ್ದ ಉದ್ಯೋಗದ ತಾಣವೊಂದು ಮೊದಲು ಲಿಂಕನ್ನು ಕಳುಹಿಸುತ್ತಿತ್ತು. ಬಳಿಕ ‘ಎರಡನೆಯ ಭದ್ರತೆ’ಯೆಂದು ಆರಂಕಿಯ ಸಂಖ್ಯೆಯನ್ನೂ ಅದೇ ಇಮೇಲಿಗೆ ಕಳುಹಿಸುತ್ತಿತ್ತು! ಮರುದಿನ ಗಲ್ಲೆಯಲ್ಲಿ ಕುಳಿತವನಿಗೆ ಎರಡೂ ಸಿಕ್ಕಿದವು. ಗುಮಾಸ್ತರ ಹೆಸರಿನಲ್ಲಿ ಸಾಲದ ಅರ್ಜಿ ಹೋಯಿತು. ಅದನ್ನು ತಡೆಯಲು ಅವರು ಮೂರು ವಾರ ಅಲೆದರು. ಇದು ಭಟ್ಟರ ಕೀಲಿಕೈಯ ಕಥೆಯೇ ಅಲ್ಲವೇ?

ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯಾದ ನಿಸ್ಟ್ ೨೦೧೭ರಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ, ಇಂಥ ಸಾಕ್ಷಿಗೆ ಇಮೇಲನ್ನು ಬಳಸಕೂಡದೆಂದು ವಿಧಿಸಿತು. ಇಮೇಲನ್ನು ಎಲ್ಲಿಂದಲಾದರೂ ತೆರೆಯಬಹುದು. ಕೈಯಲ್ಲಿ ಇಂಥದೇ ಸಾಧನವಿದೆಯೆಂಬುದನ್ನು ಅದು ತೋರಿಸಲಾರದು. ಹಾಗೆ ತೋರಿಸಬಲ್ಲದ್ದು ಮೊಬೈಲಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ಕೊಡುವ ಅಥೆಂಟಿಕೇಟರ್ ಆ್ಯಪ್. ಅದಕ್ಕೆ ನೆಟ್‌ವರ್ಕ್ ಸಹ ಬೇಡ. ಎಸ್‌ಎಂಎಸ್ ಇದ್ದರೂ ಆದೀತು. ಆದರೆ ಊರಿಂದೂರಿಗೆ ಹೋಗುತ್ತ ಸಿಮ್ ಬದಲಿಸುವ ನಮ್ಮವರು ಒಂದನ್ನು ಮರೆಯಬಾರದು. ಬಿಟ್ಟ ನಂಬರನ್ನು ೯೦ ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದೆಂಬುದು ನಮ್ಮ ದೇಶದ ನಿಯಮ.

ಆದುದರಿಂದ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಮೊದಲನೆಯ ಕಾವಲನ್ನು ಇಮೇಲಿಗೇ ಇಡಿರಿ. ಉಳಿದ ಬಾಗಿಲುಗಳೆಲ್ಲ ಅದರಿಂದಲೇ ತೆರೆಯುತ್ತವೆ. ಧಣಿಗಳ ನಂಬರನ್ನಾಗಲಿ ಕೋಣೆಯ ಗೆಳೆಯನ ನಂಬರನ್ನಾಗಲಿ ಅದಕ್ಕೆ ಜೋಡಿಸಬೇಡಿರಿ. ಇಮೇಲೂ ಆ್ಯಪೂ ಒಂದೇ ಮೊಬೈಲಿನಲ್ಲಿರುವವರು ಆ ಮೊಬೈಲಿಗೆ ತಪ್ಪದೆ ಲಾಕ್ ಹಾಕಿರಿ. ತಾಣವು ಕೊಡುವ ತುರ್ತು ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟುಕೊಳ್ಳಿರಿ. ನೀವು ಕೇಳದೆ ಬಂದ ಲಿಂಕನ್ನು ಒತ್ತಬೇಡಿರಿ.

ಜಾಲತಾಣ ನಡೆಸುವವರಿಗೂ, ಅವರಲ್ಲಿ ನಮ್ಮ ಸಂಘಗಳ ಕಾರ್ಯದರ್ಶಿಗಳಿಗೂ, ಒಂದು ಮಾತು: ಎರಡು ಸಾಕ್ಷಿ ಕೇಳುವುದಾದರೆ ಎರಡು ಕಡೆಯಿಂದ ಕೇಳಿರಿ. ಬಡವನ ಬಳಿ ಕಳವಾಗುವಂಥದು ಏನಿದೆಯೆಂದು ಉದಾಸೀನ ಮಾಡಬೇಡಿರಿ. ಪರವೂರಿನಲ್ಲಿ ದುಡಿದು ಬಾಳುವವನಿಗೆ ತನ್ನ ಹೆಸರೇ ಆಸ್ತಿ.