ಬರಿಗೈಯ ಜಟ್ಟಿ ಬೆಂಡಿಗೋ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ, ಹಿಂದೆ ಸ್ಮಶಾನವಾಗಿದ್ದು ಈಗ ಉದ್ಯಾನವಾಗಿರುವ ಸ್ಥಳವೊಂದುಂಟು. ಅಲ್ಲಿ ಒಂದು ಗೋರಿಯ ಮೇಲೆ ಕಲ್ಲಿನ ಸಿಂಹವು ಮಲಗಿದೆ. ಅದರಡಿಯಲ್ಲಿರುವವನು ಅರಸನಲ್ಲ, ದಂಡನಾಯಕನಲ್ಲ, ದಾನಿಯೂ ಅಲ್ಲ. ಕುಡಿದು ಗಲಭೆಯೆಬ್ಬಿಸಿದ ತಪ್ಪಿಗೆ 28 ಬಾರಿ ಸೆರೆಮನೆಯನ್ನು ಹೊಕ್ಕು ಹೊರಬಂದನೆಂದು ಹೆಸರಾದವನು. ವಿಲಿಯಂ ಅಬೆಡ್ನಿಗೋ ಥಾಂಪ್ಸನ್ ಎಂಬುದು ಅವನ ಪೂರ್ಣ ನಾಮಧೇಯ. ಲೋಕಕ್ಕೆ ಅವನು ಬೆಂಡಿಗೋ.

ಅವನು ಹುಟ್ಟಿದ್ದು ಅದೇ ನಗರದಲ್ಲಿ, 1811ರ ಅಕ್ಟೋಬರ್ 11ರಂದು. ತಾಯಿಗೆ ಇವನು 21ನೆಯ ಕೂಸೆಂದೂ, ಒಂದೇ ಬಸಿರಿನಲ್ಲಿ ಹುಟ್ಟಿದ ಮೂವರಲ್ಲೊಬ್ಬನೆಂದೂ ಹೇಳುವುದುಂಟು. ಬಾಬಿಲೋನಿನ ಅರಸನು ಧಗಧಗಿಸುವ ಕುಲುಮೆಗೆ ನೂಕಿಸಿದರೂ ಕೂದಲು ಕೊಂಕದೆ ಹೊರಬಂದ ಮೂವರು ತರುಣರ ಕಥೆಯೊಂದು ಬೈಬಲಿನಲ್ಲಿದೆ. ನಮ್ಮ ಪ್ರಹ್ಲಾದನನ್ನು ನೆನೆದುಕೊಂಡರೆ ಅದರ ರೀತಿ ತಿಳಿದೀತು. ಆ ತರುಣರಲ್ಲೊಬ್ಬನಾದ ಅಬೆಡ್ನಿಗೋನ ಹೆಸರು ಬೀದಿಯ ಜನರ ಬಾಯಲ್ಲಿ ಸವೆದು ಬೆಂಡಿಗೋ ಎಂದಾಯಿತು.

ಹುಡುಗನಿಗೆ 15 ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ತಾಯಿಯೂ ಮಗನೂ ವರ್ಕ್‌ಹೌಸ್ ಸೇರಬೇಕಾಯಿತು. ನಿರ್ಗತಿಕರಿಗೆ ಗಂಜಿ ಹೊಯ್ದು, ಅದಕ್ಕೆ ಪ್ರತಿಯಾಗಿ ದುಡಿಸಿಕೊಳ್ಳುತ್ತಿದ್ದ ಮನೆಗಳವು. ಹಸಿವಿಗಿಂತ ಅಲ್ಲಿಯ ಅವಮಾನಕ್ಕೆ ಬಡವರು ಹೆಚ್ಚು ಅಂಜುತ್ತಿದ್ದರು. ಅಲ್ಲಿಂದ ಹೊರಬಿದ್ದ ಮೇಲೆ ಹುಡುಗನು ಕಬ್ಬಿಣ ಕಡೆಯುವ ಕೆಲಸ ಹಿಡಿದನು. ತೋಳು ಗಟ್ಟಿಯಾಯಿತು. 18ರ ಪ್ರಾಯಕ್ಕೆಲ್ಲ ತಾಯಿಯ ಹೊಟ್ಟೆಪಾಡಿಗೆಂದು ಹಣದ ಮೇಲೆ ಹೊಡೆದಾಡತೊಡಗಿದನು.

ಆ ಕಾಲದ ಮುಷ್ಟಿಯುದ್ಧವನ್ನು ಇಂದಿನ ಬಾಕ್ಸಿಂಗ್ ಎಂದು ಭಾವಿಸಬಾರದು. ಕೈಗವಸು ತೊಟ್ಟು, ಮೂರು ಮೂರು ನಿಮಿಷ ಎಣಿಸಿ ಕಾದಾಡಬೇಕೆಂಬ ಕ್ವೀನ್ಸ್‌ಬೆರಿ ನಿಯಮಗಳು ಬಂದದ್ದು 1867ರಲ್ಲಿ. ಅದಕ್ಕೆ ಮೊದಲು ಬರಿಮುಷ್ಟಿಯೇ ಆಯುಧ. ಒಬ್ಬನು ನೆಲಕ್ಕುರುಳಿದರೆ ಒಂದು ಸುತ್ತು ಮುಗಿದಂತೆ. ಅನಂತರ 30 ಸೆಕೆಂಡುಗಳ ವಿಶ್ರಾಂತಿ. ಆ ಬಳಿಕ 8 ಸೆಕೆಂಡುಗಳೊಳಗಾಗಿ ಯಾರ ಆಸರೆಯೂ ಇಲ್ಲದೆ ಕಣದ ನಡುವಿನ ಗೆರೆಗೆ ನಡೆದುಬರಬೇಕು, ಬರಲಾರದವನು ಸೋತನು. ಒಟ್ಟು ಇಷ್ಟು ಸುತ್ತುಗಳೆಂಬ ಮಿತಿಯೇ ಇಲ್ಲ. 1833ರಲ್ಲಿ ಸೈಮನ್ ಬರ್ನ್ ಎಂಬ ಐರಿಷ್ ಜಟ್ಟಿಯು ಜೇಮ್ಸ್ ಬರ್ಕ್ ಎಂಬವನೊಡನೆ ಮೂರು ಗಂಟೆಗೂ ಮೀರಿ 99 ಸುತ್ತು ಸೆಣಸಿ, ಕೆಲವೇ ದಿನಗಳಲ್ಲಿ ಪ್ರಾಣಬಿಟ್ಟನು. ಬರ್ಕ್‌ನ ಮೇಲೆ ಮೊಕದ್ದಮೆ ನಡೆದು ಅವನು ನಿರ್ದೋಷಿಯಾಗಿ ಹೊರಬಂದನು. ಮೂರು ವರ್ಷಗಳ ಹಿಂದೆ ಇದೇ ಬರ್ನ್‌ನ ಏಟಿಗೆ ಇನ್ನೊಬ್ಬ ಜಟ್ಟಿ ಸತ್ತಿದ್ದನೆಂಬುದನ್ನೂ ಇಲ್ಲಿ ಹೇಳಬೇಕು.

ಇದೆಲ್ಲವೂ ಕಾನೂನಿಗೆ ವಿರುದ್ಧವಾದ ಆಟವೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದ್ದರಿಂದಲೇ ಪಂದ್ಯಗಳು ಒಂದು ಜಿಲ್ಲೆಯ ಗಡಿಯಲ್ಲಿ ಏರ್ಪಡುತ್ತಿದ್ದವು; ಮ್ಯಾಜಿಸ್ಟ್ರೇಟರು ಬಂದರೆಂದು ಸುದ್ದಿಯಾದರೆ ಕಂಬ ಹಗ್ಗಗಳನ್ನು ಕಿತ್ತುಕೊಂಡು ಜನವೆಲ್ಲ ಪಕ್ಕದ ಜಿಲ್ಲೆಗೆ ದಾಟುತ್ತಿತ್ತು. ಹಾಗೆ ದಾಟುತ್ತಿದ್ದ ಜನದಲ್ಲಿ ಕೂಲಿಗಾರರಷ್ಟೇ ಅಲ್ಲ, ಸಾರೋಟಿನಲ್ಲಿ ಬಂದ ಶ್ರೀಮಂತರೂ ಇದ್ದರು. ಪಣದ ಹಣ ಅವರದು.

ಬೆಂಡಿಗೋನ ಬಾಳಿನ ದೊಡ್ಡ ಎದುರಾಳಿ, ನೆರೆಯ ಹಕ್‌ನಲ್ ಊರಿನ ಬೆನ್ ಕಾಂಟ್. ಆರಡಿ ಎರಡಂಗುಲದ ದೈತ್ಯದೇಹಿ. ಬೆಂಡಿಗೋ ಆರಡಿಗೂ ಕಡಿಮೆ, ತೂಕದಲ್ಲಂತೂ ಬಹಳ ಹಗುರ. ಆದರೆ ಅವನು ಎಡಚ. ಏಟು ಯಾವ ಕಡೆಯಿಂದ ಬಂದೀತೆಂದು ತಿಳಿಯದೆ ಎದುರಾಳಿ ಕಣ್ಣು ಕಣ್ಣು ಬಿಡುತ್ತಿದ್ದನು. ಮೇಲಾಗಿ ಅಣಕ, ಮೂದಲಿಕೆ, ಕುಣಿತ. ಪೆಟ್ಟು ಬೀಳುವ ಮುನ್ನವೇ ಜಾರಿ ನೆಲಕ್ಕುರುಳಿ 30 ಸೆಕೆಂಡು ವಿಶ್ರಾಂತಿ ಗಿಟ್ಟಿಸಿಕೊಳ್ಳುವ ಜಾಣತನ. ಏಟಿಲ್ಲದೆ ಬೀಳುವುದು ನಿಯಮಭಂಗ. ಜಾರಿದನೋ ಬಿದ್ದನೋ ಎಂಬುದನ್ನು ಹೇಳಬಲ್ಲವರಾರು?

1835ರಲ್ಲಿ ಇಬ್ಬರೂ ಮೊದಲ ಸಲ ಎದುರಾದರು. 22ನೆಯ ಸುತ್ತಿನ ಹೊತ್ತಿಗೆ ಈ ಚೇಷ್ಟೆಗಳಿಂದ ರೇಗಿಹೋಗಿದ್ದ ಕಾಂಟ್, ತನ್ನ ಸಹಾಯಕನ ತೊಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಬೆಂಡಿಗೋನನ್ನು ಹೊಡೆದೇಬಿಟ್ಟನು. ನಿಯಮ ಮೀರಿದ ಕಾರಣ ಕಾಂಟ್‌ಗೆ ಸೋಲು. 1838ರಲ್ಲಿ ಮತ್ತೆ ಭೇಟಿ. ಈ ಸಲ 75 ಸುತ್ತು; ಕೊನೆಗೆ ಬೆಂಡಿಗೋ ಏಟಿಲ್ಲದೆ ಬಿದ್ದನೆಂಬ ತೀರ್ಪಾಗಿ ಕಾಂಟ್ ಗೆದ್ದನು. ಮರುವರ್ಷ ಬೆಂಡಿಗೋ, ಮೇಲೆ ಹೇಳಿದ ಬರ್ಕ್‌ನನ್ನೇ 10 ಸುತ್ತುಗಳಲ್ಲಿ ಸೋಲಿಸಿ ಇಂಗ್ಲೆಂಡಿನ ಅಗ್ರಜಟ್ಟಿಯೆನಿಸಿಕೊಂಡನು. 1840ರಲ್ಲಿ ಉಲ್ಲಾಸದಿಂದ ಲಾಗ ಹಾಕಲು ಹೋಗಿ ಮಂಡಿಚಿಪ್ಪಿಗೆ ಪೆಟ್ಟು ಮಾಡಿಕೊಂಡು ಬಹುಕಾಲ ಕುಂಟಿದ್ದೂ ಉಂಟು.

ಮೂರನೆಯ ಕಾಳಗ 1845ರ ಸೆಪ್ಟೆಂಬರ್ 9ರಂದು. ಪಕ್ಷವೊಂದಕ್ಕೆ 200 ಪೌಂಡು ಪಣ. ನೋಡಲು 10,000 ಜನ ಸೇರಿದ್ದರೆನ್ನುತ್ತಾರೆ. ಅಧಿಕಾರಿಗಳ ಭಯದಿಂದ ಕಣವನ್ನು ಸ್ಥಳದಿಂದ ಸ್ಥಳಕ್ಕೆ ಸಾಗಿಸಿ, ಕಡೆಗೆ ಸ್ಟೋನಿ ಸ್ಟ್ರಾಟ್‌ಫರ್ಡಿನ ಆಚೆಯ ಹಳ್ಳಿಗಾಡಿನಲ್ಲಿ ಹೂಡಿದರು. ಬೆಂಡಿಗೋನ ಊರಿನ ಪುಂಡರು ದೊಣ್ಣೆ ಹಿಡಿದು ಹಗ್ಗದ ಸುತ್ತಲೂ ನೆರೆದಿದ್ದರು. ಎರಡು ಗಂಟೆಗೂ ಮಿಕ್ಕಿ ಕಾದಾಟ ಸಾಗಿತು. 93ನೆಯ ಸುತ್ತಿನಲ್ಲಿ ಕಾಂಟ್ ಏಟಿಲ್ಲದೆ ಕುಳಿತನೆಂದು ತೀರ್ಪುಗಾರ ಆಸ್ಬಾಲ್ಡೆಸ್ಟನ್ ಸಾರಿದನು. ಏಳು ವರ್ಷಗಳ ಹಿಂದೆ ತನ್ನನ್ನು ಸೋಲಿಸಿದ ಕಾರಣವೇ ಈಗ ಬೆಂಡಿಗೋನನ್ನು ಗೆಲ್ಲಿಸಿತು. ಆ ದೊಣ್ಣೆಗಳ ನಡುವೆ ನಿಂತು ಬೇರೆ ತೀರ್ಪು ಹೇಳುವ ಎದೆಗಾರಿಕೆ ಯಾರಿಗಿದ್ದೀತೆಂದು ಕಾಂಟ್‌ನ ಕಡೆಯವರು ಕೇಳಿದರು. ಪ್ರಶ್ನೆ ಅನ್ಯಾಯದ್ದೆಂದು ನನಗೂ ತೋರುವುದಿಲ್ಲ. ಲಂಡನ್ನಿನ ಬಿಗ್ ಬೆನ್ ಗಂಟೆಗೆ ಹೆಸರು ಬಂದದ್ದು ಈ ಬೆನ್ ಕಾಂಟ್‌ನಿಂದಲೇ ಎಂದು ಹೇಳುವವರಿದ್ದಾರೆ. ಬೆಂಜಮಿನ್ ಹಾಲ್ ಎಂಬ ಮಂತ್ರಿಯಿಂದ ಬಂದಿತೆಂಬ ಮಾತಿಗೇ ಮನ್ನಣೆ ಹೆಚ್ಚು.

ಕೊನೆಯ ಪಂದ್ಯ 1850ರಲ್ಲಿ, ಟಾಮ್ ಪ್ಯಾಡಕ್‌ನೊಡನೆ. ಬೆಂಡಿಗೋನಿಗೆ ಆಗ 38 ವರ್ಷ. ಮನಸ್ಸಿಲ್ಲದೆ ಹಿಂದೆಮುಂದೆ ನೋಡುತ್ತಿದ್ದವನನ್ನು, 80 ದಾಟಿದ ತಾಯಿಯೇ, "ನೀನು ಹೋಗದಿದ್ದರೆ ನಾನು ಹೋಗುತ್ತೇನೆ" ಎಂಬ ಧಾಟಿಯಲ್ಲಿ ಮೂದಲಿಸಿ ಕಳುಹಿಸಿದಳೆಂದು ಕಥೆ. 49 ಸುತ್ತುಗಳ ಬಳಿಕ ಗೆಲುವು ಅವನದಾಯಿತು. ಅದೂ ಎದುರಾಳಿಯ ನಿಯಮಭಂಗದಿಂದ.

ಇಲ್ಲಿಂದಾಚೆಗೆ ಅವನ ಬಾಳು ಇಳಿಜಾರು. ಪಂದ್ಯವಿದ್ದಾಗ ವ್ಯಾಯಾಮವುಂಟು, ಪಥ್ಯವುಂಟು, ಹೊತ್ತಿಗೆ ಸರಿಯಾಗಿ ಎಬ್ಬಿಸಿ ಓಡಿಸುವವರುಂಟು. ಪಣ ಕಟ್ಟಿದವರು ತಮ್ಮ ಹಣದ ಚಿಂತೆಯಿಂದಲಾದರೂ ಅವನನ್ನು ಕುಡಿತದಿಂದ ದೂರವಿಡುತ್ತಿದ್ದರು. ಪಂದ್ಯ ನಿಂತಿತು, ಕಾವಲೂ ನಿಂತಿತು. ಕಣದೊಳಗೆ ಮುಷ್ಟಿಗೆ ಒಂದು ಗೆರೆ, ಒಂದು ಗಡುವು, ಒಬ್ಬ ತೀರ್ಪುಗಾರ ಇದ್ದರು. ಮದ್ಯದಂಗಡಿಯ ಜಗುಲಿಯಲ್ಲಿ ಯಾರಿದ್ದರು? ನಾಟಿಂಗ್‌ಹ್ಯಾಮಿನಲ್ಲಿ 'ಕುರಿಮರಿಗಳು' ಎಂಬ ವ್ಯಂಗ್ಯದ ಹೆಸರಿನ ಪುಂಡರ ಗುಂಪೊಂದಿತ್ತು. ಮತವನ್ನು ಬಹಿರಂಗವಾಗಿ ಕೂಗಿ ಹೇಳಬೇಕಾಗಿದ್ದ ಆ ದಿನಗಳಲ್ಲಿ, ಚುನಾವಣೆ ಬಂತೆಂದರೆ ಮತದಾರರನ್ನು ಬೆದರಿಸುವುದೇ ಇವರ ಕಸುಬು. ಬೆಂಡಿಗೋ ಅವರ ನಾಯಕಮಣಿ. ಕುಡಿತ, ಕಿಡಕಿಗಾಜು, ಕೈದೊಡಕು, ಸೆರೆಮನೆ; ಬಿಡುಗಡೆ, ಮತ್ತೆ ಕುಡಿತ.

ಇದೇ ಕಾಲದಲ್ಲಿ ಅತ್ತ ಆಸ್ಟ್ರೇಲಿಯದಲ್ಲಿ ಒಂದು ಸೋಜಿಗ. ಅಲ್ಲಿಯ ಕುರಿಕಾವಲಿನಲ್ಲಿ ಹೊಡೆದಾಟಕ್ಕೆ ಹೆಸರಾದ ಒಬ್ಬ ಆಳನ್ನು ಈ ಜಟ್ಟಿಯ ನೆನಪಿನಲ್ಲಿ ಜನ ಬೆಂಡಿಗೋ ಎಂದು ಕರೆದಿದ್ದರು. ಅವನಿಂದ ಒಂದು ಹಳ್ಳಕ್ಕೆ ಆ ಹೆಸರು ಅಂಟಿತ್ತು. 1851ರಲ್ಲಿ ಆ ಹಳ್ಳದಲ್ಲಿ ಚಿನ್ನ ಸಿಕ್ಕಿತು! ಸಾವಿರಾರು ಜನ ಸಮುದ್ರ ದಾಟಿ ಧಾವಿಸಿದರು. ಅಲ್ಲಿ ಬೆಳೆದ ನಗರಕ್ಕೆ 1891ರಲ್ಲಿ ಬೆಂಡಿಗೋ ಎಂಬುದೇ ಅಧಿಕೃತ ನಾಮವಾಯಿತು. ಮೂಲಪುರುಷನು ಮಾತ್ರ ನಾಟಿಂಗ್‌ಹ್ಯಾಮಿನ ಕೋಣೆಯಲ್ಲಿ ಸೆರೆಮನೆಯ ರೊಟ್ಟಿ ಮುರಿಯುತ್ತಿದ್ದನು.

ಆ ಸೆರೆಮನೆಯ ಪ್ರಾರ್ಥನಾಮಂದಿರದಲ್ಲಿ ಪಾದ್ರಿಯೊಬ್ಬರ ಉಪದೇಶಗಳು ಅವನ ಕಿವಿಗೆ ಬಿದ್ದವು. ಅವನೇ ಹೇಳಿಕೊಳ್ಳುತ್ತಿದ್ದ ಕಥೆಯಂತೆ, ಒಂದು ದಿನ ಬಾಲಕ ದಾವೀದನು ದೈತ್ಯ ಗೊಲಿಯಾತನನ್ನು ಕೆಡವಿದ ಪ್ರಸಂಗ. ಬೆಂಡಿಗೋನಿಗೆ ಕಾಂಟ್ ನೆನಪಾಗದಿರುತ್ತಾನೆಯೇ? ಇನ್ನೊಂದು ದಿನ ಕುಲುಮೆಯಲ್ಲಿ ಬೇಯದ ಮೂವರ ಕಥೆ. ಅದರಲ್ಲಿ ತನ್ನದೇ ಹೆಸರು. ಮತ್ತೊಂದು ದಿನ 700 ಮಂದಿ ಎಡಚ ಯೋಧರ ವೃತ್ತಾಂತ. ದೇವರು ತನ್ನ ವಿಳಾಸವನ್ನು ಕೇಳಿಕೊಂಡು ಬಂದಿರುವನೆಂದೇ ಆ ಅನಕ್ಷರಸ್ಥನಿಗೆ ತೋರಿರಬೇಕು. ಆದರೂ ಕುಡಿತ ಬಿಟ್ಟದ್ದು ಹೊರಗೆ ಬಂದಮೇಲೆ, 1872ರಲ್ಲಿ, ರಿಚರ್ಡ್ ವೀವರ್ ಎಂಬ ಬೋಧಕನ ಮಾತು ಕೇಳಿ. ವೀವರ್ ಕೂಡ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಕುಡಿದು, ಕೈಮಾಡಿ ಬೆಳೆದವನೇ. ಬಿದ್ದವನನ್ನು ಎಬ್ಬಿಸಲು ಬಿದ್ದೆದ್ದವನೇ ಬಂದನೆನ್ನಬಹುದು.

60 ಕಳೆದ ಬೆಂಡಿಗೋ ತಾನೇ ಬೋಧಕನಾದನು. ಓದಲು ಬಾರದು, ಶಾಸ್ತ್ರವಾಕ್ಯಗಳಿಗೆ ನೆನಪೇ ಗತಿ. ಆದರೂ ಲಂಡನ್ನಿನವರೆಗೆ ಕರೆ ಬಂದಿತು, ಅವನನ್ನು ಕಾಣಲು ಸಭಾಂಗಣಗಳು ತುಂಬಿದವು. ಕೇಳಲಿಕ್ಕೋ, ಆ ಎಡಗೈಯನ್ನು ನೋಡಲಿಕ್ಕೋ? ಸಭೆಯಲ್ಲಿ ಗದ್ದಲವೆಬ್ಬಿಸಿದ ಹಳೆಯ ಒಡನಾಡಿಗಳನ್ನು ಅವನು ವೇದಿಕೆಯಿಂದಿಳಿದು ಬಡಿದು ತೆಪ್ಪಗಾಗಿಸಿದನೆಂಬ ಕಥೆಯ ಮೇಲೆ, ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ ಒಂದು ಪದ್ಯವನ್ನೇ ಬರೆದನು. ಪದ್ಯ ನಗು ತರಿಸುವಂಥದು. ಎಂಟು ವರ್ಷಗಳ ಕಾಲ ಊರೂರು ಅಲೆದು, ತನ್ನ ಹಳೆಯ ಬಾಳನ್ನು ಜನರೆದುರು ಬಿಚ್ಚಿಡುವುದೇ ಅವನ ಬೋಧನೆಯಾಗಿತ್ತೆಂಬುದು ಆ ನಗುವಿನಲ್ಲಿ ಮರೆತುಹೋಗುತ್ತದೆ.

1880ರಲ್ಲಿ ನಾಟಿಂಗ್‌ಹ್ಯಾಮಿನ ಬಳಿಯ ಬೀಸ್ಟನ್ನಿನ ತನ್ನ ಮನೆಯ ಮೆಟ್ಟಿಲಿನಿಂದ ಉರುಳಿದನು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತು. ಆಗಸ್ಟ್ 23ರಂದು, 68ನೆಯ ವಯಸ್ಸಿನಲ್ಲಿ ಪ್ರಾಣ ಹೋಯಿತು. ಶವಯಾತ್ರೆಯ ದಿನ ಸಾವಿರಾರು ಜನ ದಾರಿಯ ಇಕ್ಕೆಲಗಳಲ್ಲಿ ನೆರೆದಿದ್ದರು.